ಎಡಕ್ಕೆ ಎಳೆಯುವ ದೋಣಿ

ಮೊಮ್ಮಗನಿಗೆ ಹೆಸರಿಡುವ ದಿನ ಬೆಳಗಾದಾಗಿನಿಂದ ತೆನಿಂಗ್ ಎರಡು ಅಂಗಳಗಳ ನಡುವೆ ಓಡಾಡಿ ಓಡಾಡಿ ಒಂದು ಚಪ್ಪಲಿಯ ಪಟ್ಟಿ ಕಿತ್ತುಕೊಂಡಿದ್ದಳು. ಒಂದು ಅಂಗಳ ಮಗಳು ದಿಬೋರಳದು. ಅಲ್ಲಿ ಹೆಂಗಸರು ಅಕ್ಕಿ ಕುಟ್ಟುತ್ತ, ಗಂಜಿಯ ಹಂಡೆಗೆ ಸಕ್ಕರೆ ಸುರಿಯುತ್ತ, ಒಬ್ಬರ ಮೈಮೇಲೊಬ್ಬರು ಬಿದ್ದು ನಗುತ್ತ ಗದ್ದಲವೋ ಗದ್ದಲ. ಇನ್ನೊಂದು ಅಂಗಳ ಅವಳದೇ. ಅಲ್ಲಿ ಅವಳ ಗಂಡ ಲಾತಿರ್ ಮಾವಿನ ಮರದ ಕೆಳಗೆ, ಗಂಜಿ ಹಾಕಿ ಇಸ್ತ್ರಿ ಮಾಡಿದ ನೀಲಿ ನಿಲುವಂಗಿ ತೊಟ್ಟು, ತಲೆಗೆ ಹಬ್ಬದ ಟೋಪಿ ಇಟ್ಟು, ಎಲ್ಲಿಗೂ ಹೋಗದೆ ಕೂತಿದ್ದ.

"ಇಷ್ಟು ಸಿಂಗಾರ ಮಾಡ್ಕೊಂಡು ಎಲ್ಲಿಗೆ ಹೊರಟೆ, ಮುದುಕಾ?" ಎಂದು ತೆನಿಂಗ್ ಕೇಳಿದಳು.

"ಮೀನಿಗೆ."

"ಮೀನಿಗೆ! ಮೀನಿಗೇನು ನಿನ್ನ ಮದುವೆ ಮಾಡ್ಕೊಡ್ತಾರಾ? ಏಳು. ಇಮಾಮರು ಬಂದು ಕೂತಿದಾರೆ."

"ನಾನು ಆಣೆ ಹಾಕಿದೀನಿ," ಎಂದು ಲಾತಿರ್ ಮುಖ ತಿರುಗಿಸಿದ.

ಈ ಆಣೆಯ ಕಥೆ ಕೇಳಿದರೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯುವುದಿಲ್ಲ. ಕಳೆದ ಮಳೆಗಾಲ ಮುಗಿದ ಮೇಲೆ ಲಾತಿರ್ ತನ್ನ ಕೈಯಾರೆ ಒಂದು ದೋಣಿ ಕಟ್ಟಿದ. ಹಗಲೆಲ್ಲ ಹಲಗೆ ಕೆತ್ತಿ, ಸಂಜೆಯೆಲ್ಲ ಬಣ್ಣ ಬಳಿದು, ಹೆಂಡತಿಯನ್ನೂ ಅಷ್ಟು ಮುದ್ದಿನಿಂದ ನೋಡದವನು ಅದನ್ನು ನೋಡಿದ. ನೀರಿಗಿಳಿಸಿದ ದಿನ ಅಳಿಯ ಬಿರಾಮ್ ಚುಕ್ಕಾಣಿ ಹಿಡಿದು ಒಂದು ಸುತ್ತು ಹೋಗಿಬಂದ. ಬಿರಾಮ್ ಒಳ್ಳೆಯ ಹುಡುಗ, ಆದರೆ ಅವನ ನಾಲಿಗೆಗೂ ಬುದ್ಧಿಗೂ ನಡುವೆ ಬಾಗಿಲೇ ಇಲ್ಲ. ದಡದಲ್ಲಿ ಊರಿನ ಗಂಡಸರೆಲ್ಲ ಚಹಾ ಕುಡಿಯುತ್ತಿದ್ದರು. ಅವರೆದುರಿಗೇ ಅವನು, "ಮಾವ, ದೋಣಿ ಬಹಳ ಚೆನ್ನಾಗಿದೆ, ಸ್ವಲ್ಪ ಎಡಕ್ಕೆ ಎಳೀತದೆ ಅಷ್ಟೆ," ಎಂದುಬಿಟ್ಟ.

ಲಾತಿರನ ಪಿತ್ತ ನೆತ್ತಿಗೇರಿತು. "ದೇವರಾಣೆ, ಇವತ್ತಿಂದ ನನ್ನ ಕಾಲು ನಿನ್ನ ಅಂಗಳದ ಮರಳು ಮುಟ್ಟಲ್ಲ!" ಎಂದು ಎಲ್ಲರ ಮುಂದೆ ಕೂಗಿ ಮನೆಗೆ ಬಂದ. ಅಂದಿನಿಂದ ಆ ಮನೆಯಲ್ಲಿ ದೋಣಿ ಎಂಬ ಮಾತನ್ನೇ ಯಾರೂ ಎತ್ತುವಂತಿರಲಿಲ್ಲ. ದೋಣಿ ಎಡಕ್ಕೆ ಎಳೆಯುವುದು ಕಡಲ ದಡದ ಕೋಳಿಗಳಿಗೂ ಗೊತ್ತಿತ್ತು. ಪ್ರತಿ ಸಂಜೆ ಲಾತಿರ್ ಮೈಯನ್ನೆಲ್ಲ ಬಲಕ್ಕೆ ವಾಲಿಸಿಕೊಂಡು ಅದನ್ನು ದಡಕ್ಕೆ ತರುವುದನ್ನು ಊರೇ ನೋಡುತ್ತಿತ್ತು, ನೋಡಿ ಆಕಾಶದ ಕಡೆ ತಿರುಗುತ್ತಿತ್ತು.

ಈಗ ಮಗಳು ಗಂಡು ಹೆತ್ತಿದ್ದಾಳೆ. ಮುದುಕನಿಗೆ ಆಸೆ ಇಲ್ಲವೆಂದಲ್ಲ. ಕೂಸು ಹುಟ್ಟಿದ ಮಾರನೇ ದಿನವೇ, "ತಗಡು ಸೋರ್ತಾ ಇದೆ," ಎಂದು ಮಾಡು ಹತ್ತಿದ. ಮಳೆ ನಿಂತು ಎಷ್ಟೋ ತಿಂಗಳಾಗಿತ್ತು. ಅಲ್ಲಿಂದ ನೋಡಿದರೆ ದಿಬೋರಳ ಅಂಗಳ ನೇರ ಕಾಣುತ್ತದೆ. ಆಮೇಲೆ ದಿನಾ ಸೋರತೊಡಗಿತು. ಕೆಳಗೆ ನಿಂತು ಏಣಿ ಹಿಡಿದ ತೆನಿಂಗ್‌ಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ಆಸೆ ಹೊಟ್ಟೆಯಲ್ಲಿಟ್ಟುಕೊಂಡು ಈ ಮನುಷ್ಯ ಒಂದು ಆಣೆಯ ಬಲೆಯಲ್ಲಿ ತಾನೇ ಸಿಕ್ಕಿಕೊಂಡನಲ್ಲ ಎಂದು ಅವಳಿಗೆ ಸಂಕಟ. ಅಜ್ಜನಿಲ್ಲದೆ ಹೆಸರಿಟ್ಟರೆ ಆ ಕೊರತೆ ಕೂಸಿನ ಜೊತೆಗೇ ಬೆಳೆಯುತ್ತದೆ, ಸಾಯುವತನಕ ಹೋಗುವುದಿಲ್ಲ.

ಅವಳು ಮತ್ತೆ ಮಗಳ ಮನೆಗೆ ಓಡಿದಳು. ಅಲ್ಲಿ ಇಮಾಮರು ಗಡಿಯಾರ ನೋಡುತ್ತಿದ್ದರು.

"ಪಕ್ಕದ ಊರಲ್ಲಿ ಇನ್ನೊಂದು ಹೆಸರಿಡೋದಿದೆ, ತಾಯಿ. ಬಿಸಿಲು ನೆತ್ತಿಗೆ ಬಂದರೆ ನಾನು ಹೊರಟೆ."

ದಿಬೋರ್ ಕೂಸನ್ನು ಎದೆಗವಚಿಕೊಂಡು ಚಾಪೆಯ ಮೇಲೆ ಭದ್ರವಾಗಿ ಕೂತಿದ್ದಳು. "ಅಪ್ಪ ಬರೋವರೆಗೂ ನನ್ನ ಮಗನ ತಲೆಗೆ ಕ್ಷೌರದ ಕತ್ತಿ ತಾಗಿಸಕ್ಕೆ ಬಿಡಲ್ಲ. ಹೆಸರಿಲ್ಲದೇ ಬೆಳೀಲಿ. 'ಏ ಇವನೇ' ಅಂತ ಕರೀತೀನಿ."

ಹಟದಲ್ಲಿ ಅಪ್ಪನ ಪಡಿಯಚ್ಚು. ಬಿರಾಮ್ ಬಾಗಿಲ ಮರೆಯಲ್ಲಿ ನಿಂತು ತನ್ನ ಕಾಲ್ಬೆರಳುಗಳನ್ನೇ ನೋಡುತ್ತಿದ್ದ. ಅವನು ಕ್ಷಮೆ ಕೇಳಿಯಾಗಿತ್ತು, ದೊಡ್ಡವರನ್ನು ಕಳಿಸಿಯಾಗಿತ್ತು. ಯಾರು ಹೋದರೂ ಲಾತಿರ್, "ಆಣೆ ಆಣೆಯೇ," ಎಂದು ವಾಪಸ್ಸು ಅಟ್ಟಿದ್ದ.

ಅಷ್ಟರಲ್ಲಿ ತೆನಿಂಗಳ ಕಣ್ಣು ಈರುಳ್ಳಿಯ ರಾಶಿಯ ಹಿಂದೆ ಕೂತವನ ಮೇಲೆ ಬಿತ್ತು. ಹೆಂಗಸರ ನಡುವೆ ಮಂಡಿ ಮಡಚಲು ಜಾಗ ಸಾಲದೆ, ಈರುಳ್ಳಿ ಸುಲಿಯುತ್ತ, ಕಣ್ಣಲ್ಲಿ ಧಾರಾಕಾರ ನೀರು ಸುರಿಸುತ್ತ ಕೂತಿದ್ದ ಆ ಉದ್ದನೆಯ ಬಿಳಿಯ, ಅವಳ ಮನೆಯ ಹಿಂದಿನ ಕೋಣೆಯಲ್ಲೇ ಇರುವ ಅನ್ಸುಮಾನಾ ಬಾಜಿ.

ಹುಟ್ಟಿದೂರಲ್ಲಿ ಅವನಿಗೆ ಬೇರೆ ಏನೋ ಹೆಸರಿತ್ತು, ಯಾರ ಬಾಯಿಗೂ ಹೊರಳದು. ಹಿಮ ಬೀಳುವ ದೇಶದಿಂದ ಗ್ಯಾಂಬಿಯಾಕ್ಕೆ ಸೇವೆ ಮಾಡುತ್ತೇನೆಂದು ಬಂದವನನ್ನು ಮೊದಲು ಒಳನಾಡಿನ ಜೋಲಾ ಜನರ ಹಳ್ಳಿಯಲ್ಲಿ ಇಟ್ಟು ಮಾತು ಕಲಿಸಿದರು. ಆ ಜನ ಅವನ ತಲೆಯ ಒಂದು ಎಳೆ ಕೂದಲು ಕತ್ತರಿಸಿ, ಕೂಸಿಗೆ ಮಾಡುವ ಹಾಗೆಯೇ ಶಾಸ್ತ್ರ ಮಾಡಿ ಅನ್ಸುಮಾನಾ ಬಾಜಿ ಎಂದು ಹೆಸರಿಟ್ಟು, ವ್ಯಾನಿನ ತಲೆಯ ಮೇಲೆ ಅವನ ಪೆಟ್ಟಿಗೆ ಕಟ್ಟಿ ಕಡಲ ಕಡೆಗೆ ಕಳಿಸಿದರು. ಅವನು ಬಂದಿಳಿದದ್ದು ಸೆರೇರ್ ಬೆಸ್ತರ ಈ ಊರಿಗೆ. ಜೋಲಾ ಎಂದರೆ ಸೆರೇರರಿಗೆ ಹುಟ್ಟಾ ತಮಾಷೆಯ ನೆಂಟರು. ಬಹಳ ಹಿಂದೆ ಅಕ್ಕ ತಂಗಿ ಕೂತಿದ್ದ ದೋಣಿ ಕಡಲಲ್ಲಿ ಎರಡು ಹೋಳಾಗಿ, ಒಬ್ಬಳ ಮಕ್ಕಳು ಜೋಲಾ ಆದರಂತೆ, ಇನ್ನೊಬ್ಬಳ ಮಕ್ಕಳು ಸೆರೇರ್ ಆದರಂತೆ. ಅಂದಿನಿಂದ ಇವರು ಅವರನ್ನು 'ನಮ್ಮ ಆಳು' ಎನ್ನಬೇಕು, ಅವರು ಇವರನ್ನು 'ನಮ್ಮ ಆಳು' ಎನ್ನಬೇಕು, ಬಾಯಿಗೆ ಬಂದಂತೆ ಬೈಯಬೇಕು. ಸಿಟ್ಟು ಮಾತ್ರ ಮಾಡಿಕೊಳ್ಳುವಂತಿಲ್ಲ. ತಮಾಷೆಯ ನೆಂಟನ ಮೇಲೆ ಸಿಟ್ಟಾದವನ ಮರ್ಯಾದೆ ಮೂರು ಕಾಸಿಗೆ.

ಇದನ್ನು ಅನ್ಸುಮಾನಾನಿಗೆ ಯಾರೂ ಹೇಳಿರಲಿಲ್ಲ. ವ್ಯಾನಿನಿಂದ ಇಳಿದು ಕೈ ಚಾಚಿ ಹೆಸರು ಹೇಳಿದ್ದೇ ತಡ, ಲಾತಿರ್ ಹಿಗ್ಗಿ ಹೀರೇಕಾಯಾಗಿ, "ಬಾಜಿಯಾ? ಅಯ್ಯೋ ಅನ್ನದ ಕಳ್ಳ! ನಮ್ಮ ಆಳು ಬಂದ ಕಣ್ರೋ! ಬಾ, ನನ್ನ ಹೊತ್ಕೊಂಡು ಹೋಗೋ!" ಎಂದು ಕುಣಿದ. ಹುಡುಗ ಕೋಣೆ ಸೇರಿ ಬಾಗಿಲು ಹಾಕಿಕೊಂಡ, ಊಟಕ್ಕೂ ಬರಲಿಲ್ಲ. ಕೊನೆಗೆ ತೆನಿಂಗ್ ಬಾಗಿಲು ಬಡಿದು, "ತಿರುಗಿ ಬೈಯೋ ಪೆದ್ದೇ! ನೀನು ಬೈದಿಲ್ಲ ಅಂತ ಅವನು ಕೊರಗ್ತಾ ಇದಾನೆ," ಎಂದು ಬುದ್ಧಿ ಹೇಳಬೇಕಾಯಿತು. ಹುಡುಗ ಹೊರಗೆ ಬಂದು, ಎದೆಯ ಮೇಲೆ ಕೈಯಿಟ್ಟು, ಬಹಳ ವಿನಯದಿಂದ, "ಹಿರಿಯರೇ, ನಿಮ್ಮ ಕಿವಿಗಳು ದೊಡ್ಡವು," ಎಂದ. ಲಾತಿರ್ ನೆಲಕ್ಕೆ ಬಿದ್ದು ನಕ್ಕ. ಅದರ ರುಚಿ ಹತ್ತಿದ ಹುಡುಗ ಮಾರನೇ ದಿನ ಶಾಲೆಯ ಹೆಡ್‌ಮಾಸ್ತರರಿಗೂ, "ಏನೋ ಆಳೇ!" ಎಂದುಬಿಟ್ಟ. ಹೆಡ್‌ಮಾಸ್ತರರು ಮಂಡಿಂಕಾ ಜನ, ತಮಾಷೆಯ ನೆಂಟರಲ್ಲ. ಆ ಬೆಂಕಿ ಆರಿಸುವಷ್ಟರಲ್ಲಿ ತೆನಿಂಗ್‌ಗೆ ಸಾಕುಸಾಕಾಯಿತು.

ಶಾಲೆಯಲ್ಲಿ ಅವನು ಮಾಡಿದ ತರಕಾರಿ ತೋಟವನ್ನು ಆಡುಗಳು ಮೇಯ್ದವು. ಬೇಲಿ ಕಟ್ಟಿದ, ಬೇಲಿಯನ್ನೂ ಮೇಯ್ದವು. "ಅಮ್ಮಾ, ನಾನು ಇಲ್ಲಿ ಯಾರ ಉಪಯೋಗಕ್ಕೂ ಬರಲಿಲ್ಲ," ಎಂದು ಮೊನ್ನೆಯಷ್ಟೇ ಜೋಲುಮುಖ ಹಾಕಿ ಹೇಳಿದ್ದ.

ತೆನಿಂಗ್ ಹೋಗಿ ಅವನ ಕಿವಿ ಹಿಡಿದು ಎಬ್ಬಿಸಿದಳು. "ಏಳೋ. ಈರುಳ್ಳಿ ಸಾಕು. ಬಂದು ಆ ಮುದುಕನಿಗೆ ಬೈ."

"ಏನಂತ ಬೈಯಲಿ?"

"ಏನಾದ್ರೂ ಬೈ! ಇಡೀ ಊರಲ್ಲಿ ಅವನ ಮುಂದೆ ದೋಣಿ ಅನ್ನಕ್ಕೆ ಹಕ್ಕಿರೋದು ನಿನಗೊಬ್ಬನಿಗೇ. ಜೋಲಾ ಅಂತ ಈ ಊರಿಗೆ ಇರೋದು ನೀನೊಬ್ಬ."

ಅದು ನಿಜವಾಗಿತ್ತು, ಹುಡುಗ ಗಹಗಹಿಸಿ ನಕ್ಕ. ಇಬ್ಬರೂ ಓಡಿದರು. ಹಿಂದೆ ಮಕ್ಕಳ ಹಿಂಡು ಓಡಿತು, ಮಕ್ಕಳ ಹಿಂದೆ ಸೌಟು ತಟ್ಟೆ ಹಿಡಿದ ಒಂದಷ್ಟು ಹೆಂಗಸರು.

ಲಾತಿರ್ ಏಣಿಯ ಮೊದಲ ಮೆಟ್ಟಿಲಲ್ಲಿ ಒಂದು ಕಾಲಿಟ್ಟಿದ್ದ. ನಿಲುವಂಗಿ ಎತ್ತಿ ಕಟ್ಟಿದ್ದ.

"ಓಹೋ, ಮಾಡು ಸೋರ್ತಾ ಇದೆಯೇನೋ ಆಳೇ?" ಎಂದು ಅನ್ಸುಮಾನಾ ದೂರದಿಂದಲೇ ಕೂಗಿದ.

ಲಾತಿರನ ಮುಖ ಬೆಳಗಿನಿಂದ ಮೊದಲ ಸಲ ಅರಳಿತು. "ಬಂದ್ಯಾ ಅನ್ನದ ಕಳ್ಳಾ? ಅಲ್ಲಿ ಗಂಜಿ ಮುಗಿಸಿ ಇಲ್ಲಿಗೆ ಬಂದ್ಯಾ?"

"ಗಂಜಿ ಇದೆ. ನಿನಗೆ ಇಲ್ಲ ಅಷ್ಟೆ. ಒಂದು ಮಾತು ಹೇಳ್ಲಾ? ಅಕ್ಕ ತಂಗಿ ಕೂತಿದ್ರಲ್ಲ, ಆ ದೋಣಿ ಯಾಕೆ ಒಡೀತು ಗೊತ್ತಾ?"

ಹೆಂಗಸರು ಬಾಯಿಗೆ ಕೈಯಿಟ್ಟುಕೊಂಡರು.

"ಯಾಕೆ?" ಎಂದ ಲಾತಿರ್, ಕಣ್ಣು ಸಣ್ಣದು ಮಾಡಿ.

"ಅದನ್ನ ಕಟ್ಟಿದ್ದು ಒಬ್ಬ ಸೆರೇರ್!"

ಲಾತಿರನ ಮೀಸೆ ಅಲುಗಿತು, ಗಲ್ಲ ಅಲುಗಿತು, ಆಮೇಲೆ ಹೊಟ್ಟೆ. ನಗು ತಡೆಯಲಾರದೆ ಏಣಿ ಹಿಡಿದುಕೊಂಡ. "ಥೂ ನಿನ್ನ! ಆಳಾಗಿ ಹುಟ್ಟಿ ಏನು ಮಾತು! ಆಳಿನ ಕೆಲಸ ಧಣೀನ ಹೊರೋದು ಕಣೋ, ಬಾಯಿ ಬಡಿಯೋದಲ್ಲ. ಬಂದಾಗಿಂದ ಹೇಳ್ತಾ ಇದೀನಿ, ಒಂದು ದಿನಾನಾದ್ರೂ ಹೊತ್ತಿದ್ಯಾ?"

ಅನ್ಸುಮಾನಾ ಮುದುಕನ ಕಾಲುಗಳನ್ನು ನೋಡಿದ. ಏಣಿ ನೋಡಿದ. ಮಾಡಿನಾಚೆ ದಿಬೋರಳ ಅಂಗಳದ ಹೊಗೆ ನೋಡಿದ. ಆಮೇಲೆ ಬೆನ್ನು ತಿರುಗಿಸಿ, ಒಂಟೆಯ ಹಾಗೆ ಮಂಡಿಯೂರಿ ಕೂತ.

"ಹತ್ತು."

"ಏನು?"

"ಹತ್ತು ಧಣೀ. ನಿನ್ನ ಕಾಲು ಆ ಮರಳು ಮುಟ್ಟಲ್ಲ, ನನ್ನ ಕಾಲು ಮುಟ್ಟುತ್ತೆ. ನಾನಂತೂ ಆಣೆ ಹಾಕಿಲ್ಲ. ಏನು, ಹೆದರಿಕೆನಾ?"

ಲಾತಿರ್ ಒಮ್ಮೆ ಆ ಅಗಲವಾದ ಬೆನ್ನು ನೋಡಿದ, ಒಮ್ಮೆ ತೆನಿಂಗಳ ಮುಖ ನೋಡಿದ. ಅವಳು ಏಣಿಯನ್ನು ಆಚೆಗೆ ಸರಿಸಿದಳು.

"ಸೆರೇರ್ ಯಾವತ್ತಾದ್ರೂ ಹೆದರಿದ್ದುಂಟಾ!" ಎಂದು ಲಾತಿರ್ ಟೋಪಿ ಒತ್ತಿಕೊಂಡು ಹೆಗಲೇರಿದ.

ಅನ್ಸುಮಾನಾ ಎದ್ದು ನಿಂತಾಗ ಮುದುಕನ ತಲೆ ಮಾವಿನ ಕೊಂಬೆಗೆ ತಾಗಿ ಎರಡು ಕಾಯಿ ಉದುರಿದವು. ಮಕ್ಕಳು ಹೋ ಎಂದವು. ಹೆಂಗಸರು ಸೌಟಿನಿಂದ ತಟ್ಟೆ ಬಡಿಯತೊಡಗಿದರು. ನಡೆದದ್ದು ಮೆರವಣಿಗೆಯೇ! ಮೀನು ಒಣಗಿಸುವವರು ಮೀನು ಬಿಟ್ಟು ಬಂದರು, ಬಲೆ ಹೊಲಿಯುವವರು ಸೂಜಿ ಕಚ್ಚಿಕೊಂಡೇ ಬಂದರು. ಲಾತಿರ್ ಹುಡುಗನ ಎರಡು ಕಿವಿಗಳನ್ನೂ ಚುಕ್ಕಾಣಿಯಂತೆ ಹಿಡಿದು, "ದಾರಿ ಬಿಡ್ರೋ! ದಾರಿ!" ಎಂದು ಕೂಗುತ್ತಿದ್ದ. ಅನ್ಸುಮಾನಾ ಮಾತ್ರ ನೇರ ನಡೆಯಲಾರ. ಎರಡು ಹೆಜ್ಜೆಗೊಮ್ಮೆ ಬಲಕ್ಕೆ ಓಲಾಡಿ, ಒಮ್ಮೆ ಆಡಿನ ಗೂಡಿಗೆ, ಒಮ್ಮೆ ಯಾರದೋ ಒಗೆದ ಬಟ್ಟೆಯ ಸಾಲಿಗೆ ನುಗ್ಗಿದ. ಒಂದು ಲಂಗ ಮುದುಕನ ಕೊರಳಿಗೇ ಸುತ್ತಿಕೊಂಡು ಜೊತೆಗೆ ಬಂತು. ತೆನಿಂಗ್ ಒಂದೇ ಚಪ್ಪಲಿಯಲ್ಲಿ ಹಿಂದೆ ಓಡುತ್ತ ಎಷ್ಟು ನಕ್ಕಳೆಂದರೆ ಪಕ್ಕೆ ಹಿಡಿದುಕೊಂಡಿತು.

ಅಂಗಳಕ್ಕೆ ನುಗ್ಗಿದರು. ದಿಬೋರ್ ಕೂಸಿನೊಡನೆ ಎದ್ದು ನಿಂತಳು. ಇಮಾಮರು ಗಡಿಯಾರ ಮರೆತರು. ಅನ್ಸುಮಾನಾ ಮತ್ತೆ ಬಲಕ್ಕೆ, ಈ ಸಲ ನೇರ ಗಂಜಿಯ ಹಂಡೆಯ ಕಡೆಗೆ ತೂರಾಡಿದ.

"ಮುದುಕಾ! ಯಾಕೋ ಬಲಕ್ಕೆ ವಾಲ್ತೀಯ? ಬೀಳ್ತೀವಿ!"

"ಅಭ್ಯಾಸ ಕಣೋ!" ಎಂದು ಲಾತಿರ್ ಗಾಬರಿಯಲ್ಲಿ ಕಿರುಚಿದ. "ನನ್ನ ದೋಣಿ ಎಡಕ್ಕೆ ಎಳೀತದಲ್ಲೋ!"

ಸೌಟುಗಳು ಗಾಳಿಯಲ್ಲೇ ನಿಂತವು. ಬಿರಾಮ್ ತನ್ನ ಕಾಲ್ಬೆರಳುಗಳಿಂದ ಕಣ್ಣೆತ್ತಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನು ಬಾಯಿ ಮುಚ್ಚಿಕೊಂಡಿದ್ದ. ಆಗ ಮೇಲಿನಿಂದ ಒಂದು ಗೊರಗೊರ ಸದ್ದು ಕೇಳಿತು. ಲಾತಿರನೇ ಮೊದಲು ನಕ್ಕದ್ದು. ಆಮೇಲೆ ಅಂಗಳಕ್ಕೆ ಅಂಗಳವೇ ಒಡೆದುಹೋದಂತೆ ನಗು. ಇಮಾಮರೂ ಜಪಮಾಲೆಯಲ್ಲಿ ಮುಖ ಮುಚ್ಚಿಕೊಂಡು ಅಲುಗಾಡಿದರು.

ಮುದುಕನನ್ನು ಕವುಚಿ ಹಾಕಿದ ಒರಳಿನ ಮೇಲೆ ಕೂರಿಸಿದರು. ಕಾಲು ಮರಳಿಗೆ ತಾಗಬಾರದಲ್ಲ, ಆಣೆ ಆಣೆಯೇ. ಬಿರಾಮ್ ಬಂದು ಒರಳಿನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತ. ಮಾವನ ಎರಡೂ ಪಾದಗಳನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಲಾತಿರ್ ಒಮ್ಮೆ ಕೆಳಗೆ ನೋಡಿದ, ಪಾದ ಎಳೆದುಕೊಳ್ಳಲಿಲ್ಲ.

ಕೂಸಿನ ತಲೆಗೆ ಕತ್ತಿ ತಾಗಿತು. ಇಮಾಮರು ಕಿವಿಯಲ್ಲಿ ಹೆಸರು ಉಸುರಿ, ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಲಾತಿರ್."

ಮುದುಕ ಅತ್ತಿತ್ತ ನೋಡಿದ, ಯಾರೋ ತನ್ನನ್ನೇ ಕರೆದರೆಂದುಕೊಂಡ. ತಿಳಿದಾಗ ಅವನ ತುಟಿ ಅದುರಿತು. ತೆನಿಂಗ್‌ಗೆ ಇನ್ನು ತಡೆಯಲಾಗಲಿಲ್ಲ, ತಲೆಯ ಬಟ್ಟೆಯ ತುದಿಯಲ್ಲಿ ಮುಖ ಒರೆಸಿಕೊಂಡಳು. ಅವಳ ಪಕ್ಕದಲ್ಲಿ ಅನ್ಸುಮಾನಾನೂ ಕಣ್ಣೊರೆಸಿಕೊಳ್ಳುತ್ತಿದ್ದ, ಈರುಳ್ಳಿಯ ಕೈಯಲ್ಲೇ.

ದಿಬೋರ್ ಬಂದು ಕೂಸನ್ನು ತನ್ನ ಅಪ್ಪನ ಕೈಗಿಟ್ಟಳು. ಕೂಸು ಕತ್ತನ್ನು ಎಡಕ್ಕೆ ಹೊರಳಿಸಿತು. ಲಾತಿರ್ ಒಂದು ಬೆರಳಿನಿಂದ ಮೆಲ್ಲಗೆ ನೇರ ಮಾಡಿದ. ಕೂಸು ಮತ್ತೆ ಎಡಕ್ಕೆ ಹೊರಳಿಸಿತು. ಅವನು ಇನ್ನೊಮ್ಮೆ ನೇರ ಮಾಡಿದ, ಅದು ಇನ್ನೊಮ್ಮೆ ಎಡಕ್ಕೇ ತಿರುಗಿತು.

ಲಾತಿರ್ ತಲೆಯೆತ್ತಿ, ಊರಿಗೂರೇ ಕೇಳುವ ಹಾಗೆ ಕೂಗಿದ: "ನೋಡ್ರೋ! ಇವನೂ ಎಡಕ್ಕೇ ಎಳೀತಾನೆ! ನಂದೇ ಕಣ್ರೋ ಇದು, ನಂದೇ!"