ಪಾದಪೂಜೆಯ ದಿನ ನನ್ನ ಬಲಗಣ್ಣು

"ಸೂರ್ಯನನ್ನೇ ನನ್ನ ಬಲಗಣ್ಣೊಳಕ್ಕೆ ಬಿಟ್ರು ಕಣಯ್ಯಾ. ಇಬ್ರೂ ಮುಖಾಮುಖಿ ನೋಡ್ಕೊಂಡ್ವಿ. ಮೊದ್ಲು ರೆಪ್ಪೆ ಬಡಿದೋನು ಅವನು, ನಾನಲ್ಲ."

ನಾನು ಹೀಗೆ ಹೇಳುವಾಗ ಚನ್ನಕೇಶವ ನನ್ನ ಅಂಗಡಿಯ ಮೂಟೆಯಿಂದ ನಾಲ್ಕು ಕಾಳು ಅಕ್ಕಿ ತೆಗೆದು ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದ. ಹೆಗ್ಗನಹಳ್ಳಿಯ ಹಳೇ ಒಕ್ಕಲು ಮನೆತನದವನು. ರಾಗಿ ಹೊಲವೆಲ್ಲ ಸೈಟುಗಳಾದ ಮೇಲೆ ನನ್ನ ಅಂಗಡಿಯ ಬೆಂಚಿನ ಮೇಲೆ ಕೂರುವುದೇ ಅವನ ಬೇಸಾಯ.

"ಸೂರ್ಯ ನಿಮ್ ಕಣ್ಣಿಗೆ ಬಂದಿದ್ರೆ ಮದ್ರಾಸಲ್ಲಿ ಕತ್ತಲಾಗ್ಬೇಕಿತ್ತಲ್ಲ, ಕರಿಬಸಪ್ಪೋರೆ?"

"ಆಗಿತ್ತು. ಪೇಪರ್‌ನೋರು ಹಾಕ್ಲಿಲ್ಲ."

ಆ ಸೂರ್ಯನ ಹೆಸರು ಲೇಸರ್. ಎಪ್ಪತ್ತೆಂಟನೇ ಇಸವಿಯಲ್ಲಿ ಇಡೀ ರಾಜಾಜಿನಗರದಲ್ಲಿ ಆ ಪದವನ್ನು ಬಾಯಿಬಿಟ್ಟು ಆಡಿದ ಮೊದಲ ಮನುಷ್ಯ ನಾನು. ಎರಡನೆಯವನು ಇನ್ನೂ ಹುಟ್ಟಿರಲಿಲ್ಲ.

ಎಲ್ಲ ಶುರುವಾದದ್ದು ಲಿಂಗಪೂಜೆಯಲ್ಲಿ. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ದೃಷ್ಟಿ ನೆಟ್ಟು ಕೂರುವುದು ನಮ್ಮ ಮನೆಯ ಪದ್ಧತಿ. ನಾನು ದೃಷ್ಟಿ ನೆಟ್ಟರೆ ಗೋಡೆಯ ಮೇಲಿನ ಹಲ್ಲಿಯೂ ಅಲ್ಲಾಡುವುದಿಲ್ಲ. ಅವತ್ತು ಲಿಂಗದ ಮೇಲೆ ಮಸಿಯ ಚೂರುಗಳು ಕಂಡವು. ವಸ್ತ್ರದಿಂದ ಒರೆಸಿದೆ, ಹೋಗಲಿಲ್ಲ. ಇನ್ನೊಮ್ಮೆ ನೀರೆರೆದೆ, ಚೂರುಗಳು ತೇಲಾಡುತ್ತಲೇ ಇದ್ದವು. ಪಕ್ಕದಲ್ಲಿ ಮಿಂಚು ಬೇರೆ. ಶಿವನೇ ದರ್ಶನ ಕೊಡುತ್ತಿದ್ದಾನೆಂದು ಬೀಗಿ, ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಇಬ್ಬರು ಕಾಲಿಗೂ ಬಿದ್ದರು. ನನ್ನ ಹೆಂಡತಿ ಜಗದಾಂಬಾ ಮಾತ್ರ ಬೀಳಲಿಲ್ಲ.

"ಶಿವ ಎಲ್ಲೂ ಹೋಗಲ್ಲ, ಇಲ್ಲೇ ಇರ್ತಾನೆ. ನೀವು ಮೊದ್ಲು ಡಾಕ್ಟ್ರ ಹತ್ರ ನಡೀರಿ" ಎಂದಳು.

ಇಲ್ಲಿನ ಡಾಕ್ಟರು ನೋಡಿದವರೇ ಮದ್ರಾಸಿಗೆ ಕಳಿಸಿದರು. ಕಣ್ಣಿನ ಹಿಂದೆ ಚಿತ್ರ ಮೂಡುವ ಪರದೆ ಇರುತ್ತದಂತೆ, ರೆಟಿನಾ ಅಂತ. ಅದು ಒಂದು ಕಡೆ ಹರಿದಿತ್ತು. ಹರುಕಿನ ಸುತ್ತ ಲೇಸರಿನಿಂದ ಬೆಸುಗೆ ಹಾಕಿದರು. ಬೆಸುಗೆ ಗಟ್ಟಿಯಾಗುವವರೆಗೆ ಭಾರ ಎತ್ತಬಾರದು, ತಲೆ ಬಗ್ಗಿಸಬಾರದು, ಕಣ್ಣು ಉಜ್ಜಬಾರದು, ಮೈ ಕುಲುಕಬಾರದು. ಪರದೆ ಕಳಚಿಕೊಂಡರೆ ನೋಟ ಮರಳಿ ಬರುತ್ತದೆಂದು ಹೇಳಲಾಗದು ಎಂದರು ಅಲ್ಲಿನ ಡಾಕ್ಟರು. ಅದನ್ನು ನಾನು ಅರ್ಧ ಕೇಳಿಸಿಕೊಂಡೆ, ಜಗದಾಂಬಾ ಪೂರ್ತಿ ಕೇಳಿಸಿಕೊಂಡಳು.

ಓದುವವರಿಗೆ ಇಲ್ಲೊಂದು ಗುಟ್ಟು ಹೇಳಲೇಬೇಕು. ನನ್ನ ಎಡಗಣ್ಣು ಚಿಕ್ಕಂದಿನಲ್ಲೇ ಬುಗುರಿಯ ಮೊಳೆ ತಗಲಿ ಹೋಗಿತ್ತು. ನೋಡುವವರಿಗೆ ಚೆನ್ನಾಗಿಯೇ ಇತ್ತು, ಅದಕ್ಕೆ ಮಾತ್ರ ಏನೂ ಕಾಣುತ್ತಿರಲಿಲ್ಲ. ಇದು ಜಗದಾಂಬಾಳಿಗೆ ಬಿಟ್ಟರೆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಹದ್ದಿನ ಕಣ್ಣು ಎಂದು ನಾನೇ ಸಾರಿಕೊಂಡು ಓಡಾಡುತ್ತಿದ್ದೆ. ಬಲಗಣ್ಣೂ ಹೋದರೆ ಹದ್ದು ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗಬೇಕಾಗಿತ್ತು.

ಸಿಟಿ ಸ್ಟೇಷನ್ನಿನಿಂದ ಬರುವಾಗ ಜಗದಾಂಬಾ ಆಟೋದವನ ಬೆನ್ನ ಹಿಂದೆಯೇ ಕೂತು, "ಅಣ್ಣಾ, ತುಂಬಿದ ಬಸುರಿ ಇದಾಳೆ ಅಂದ್ಕೊಂಡು ಓಡ್ಸಪ್ಪ" ಎಂದಳು. ಆಟೋದವನು ಹಿಂದಿರುಗಿ ನನ್ನ ಹೊಟ್ಟೆ ನೋಡಿ ಒಪ್ಪಿಕೊಂಡ. ನಮ್ಮನ್ನು ಸೈಕಲ್ಲುಗಳು ದಾಟಿ ಹೋದವು, ಆಮೇಲೆ ಒಂದು ಎಮ್ಮೆಯೂ ದಾಟಿತು.

ಮನೆಗೆ ಬಂದ ಮೇಲೆ ನಾನು ಮಹಾರಾಜನಾದೆ, ಅವಳು ದಂಡಾಧಿಕಾರಿಯಾದಳು. ತಲೆಯ ಕೆಳಗೆ ಮೂರು ದಿಂಬು. ಚಪ್ಪಲಿಯನ್ನು ಕಾಲಿನ ಬಳಿಗೇ ತಂದಿಡುತ್ತಿದ್ದಳು. ಅಂಗಡಿಯಲ್ಲಿ ನಾನು ಮೂಟೆಯತ್ತ ಸುಮ್ಮನೆ ನೋಡಿದರೂ ಒಳಗಿನಿಂದ ಕೆಮ್ಮುತ್ತಿದ್ದಳು. ಘಾಟಿಗೆ ನಾನು ಸೀನಿಬಿಟ್ಟೇನೆಂದು ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವುದನ್ನೇ ನಿಲ್ಲಿಸಿದಳು. ದಾವಣಗೆರೆ ಕಡೆಯವನಿಗೆ ಖಾರವಿಲ್ಲದ ಸಾರು! ಬೆಸುಗೆಗಿಂತ ಅದೇ ಹೆಚ್ಚು ನೋವು ಕೊಟ್ಟಿತು.

ಹೀಗಿರುವಾಗ ನಮ್ಮೂರ ಮಠದ ಸ್ವಾಮಿಗಳು ರಾಜಾಜಿನಗರಕ್ಕೆ ಬಂದರು. ನಮ್ಮ ಮನೆಯಲ್ಲಿ ಪಾದಪೂಜೆ ಎಂದು ಮೊದಲೇ ಗೊತ್ತಾಗಿತ್ತು. ಗಂಡಹೆಂಡಿರು ಕೂತು ಸ್ವಾಮಿಗಳ ಪಾದ ತೊಳೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಕೊನೆಗೆ ಹಣೆಯನ್ನು ಪಾದಕ್ಕೆ ಮುಟ್ಟಿಸಬೇಕು. ಬೀದಿಯವರೆಲ್ಲ ನಡುಮನೆಯಲ್ಲಿ ತುಂಬಿದ್ದರು. ಚನ್ನಕೇಶವನೊಬ್ಬ ಇರಲಿಲ್ಲ. ನಾಯಂಡಹಳ್ಳಿಯ ತಂಗಿಯ ಮನೆಗೆ ಹೋದವನು ಮರಳುವ ಹೊತ್ತಿಗೆ ತಿಂಗಳೇ ಕಳೆದಿತ್ತು, ಬೀದಿಯ ಮಾತು ಅವನ ಕಿವಿಗೆ ಇನ್ನೂ ಬಿದ್ದಿರಲಿಲ್ಲ. ಆದ್ದರಿಂದಲೇ, ಎಲ್ಲ ಮುಗಿದು ಡಾಕ್ಟರು ಮತ್ತೆ ಪರೀಕ್ಷೆ ಮಾಡಿ "ಪರದೆ ಗಟ್ಟಿಯಾಗಿ ಕೂತಿದೆ" ಎಂದ ಮೇಲೆ, ಬೆಂಚಿನ ಮೇಲೆ ಕೂತವನಿಗೆ ಸೂರ್ಯನ ಸಂಗತಿ ಹೇಳಿ ಮುಗಿಸಿ, ಪಾದಪೂಜೆಯ ಸಂಗತಿಗೆ ಬಂದೆ.

"ನಾನು ಬಗ್ಗಲಿಲ್ಲ ಕಣಯ್ಯಾ. ಎದೆ ಸೆಟೆಸಿ ನಿಂತೆ. ಸ್ವಾಮಿಗಳು ನನ್ನ ಕಣ್ಣಿನ ತೇಜಸ್ಸು ನೋಡಿದ್ರು. ಪೀಠದಿಂದ ಎದ್ದು ನನ್ನ ಹತ್ರ ಬಂದು, 'ಕರಿಬಸಪ್ಪಾ, ಇಂಥಾ ಕಣ್ಣು ಬಗ್ಗಬಾರದು' ಅಂದು ಅವರೇ ಕೈ ಮುಗಿದ್ರು. ಬಾಗಿಲಾಚೆ ಇದ್ದ ಹಸುನೂ ತಲೆ ಎತ್ತಿ ನೋಡ್ತು."

"ಹಸು ಏನಂತು?"

"ಅದು ಮೂಗಿ."

ಹಿಂದಿನ ಬಾಗಿಲಲ್ಲಿ ಕಾಫಿ ಲೋಟಗಳನ್ನು ಹಿಡಿದು ಜಗದಾಂಬಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಏನ್ರೀ, ಸ್ವಾಮಿಗಳು ಎದ್ದು ಬಂದ್ರಾ?" ಎಂದಳು.

ನಾನು ತಕ್ಕಡಿಯ ಬಟ್ಟಿನ ಧೂಳು ಒರೆಸತೊಡಗಿದೆ.

"ಹೇಳಿ. ಚನ್ನಕೇಶವಣ್ಣ ಕೇಳ್ತಾ ಇದಾರೆ."

"ಹೇಳ್ಬಿಡಿ ಸಾರ್, ನಾನೇನು ಹೊರಗಿನೋನಾ?" ಎಂದ ಚನ್ನಕೇಶವ, ನಗುತ್ತಲೇ.

ಅವಳು ಲೋಟಗಳನ್ನು ಮೂಟೆಯ ಮೇಲಿಟ್ಟು ಒಳಗೆ ಹೋಗಿಬಿಟ್ಟಳು. ಹೋದದ್ದೇ ನನಗೆ ಕಷ್ಟವಾಯಿತು. ನಿಂತು ಜಗಳವಾಡಿದ್ದರೆ ಇನ್ನೊಂದು ಕಥೆ ಕಟ್ಟಿ ಗೆಲ್ಲುತ್ತಿದ್ದೆ.

"ನನ್ನ ಎಡಗಣ್ಣು ಕಾಣಲ್ಲ ಕಣಯ್ಯಾ" ಎಂದೆ. "ಚಿಕ್ಕಂದಿನಿಂದ್ಲೂ."

ಚನ್ನಕೇಶವ ಅಗಿಯುವುದನ್ನು ನಿಲ್ಲಿಸಿದ.

ಮಿಕ್ಕಿದ್ದನ್ನೂ ಹೇಳಿದೆ. ಅವತ್ತು ನಾನು ಸೆಟೆದು ನಿಂತಿರಲಿಲ್ಲ. ಬಗ್ಗುವವನಿದ್ದೆ. ಇಷ್ಟು ಜನರ ಮುಂದೆ ಕಣ್ಣಿನ ನೆಪ ಹೇಳಲು ನಾಚಿಕೆಯಾಗಿತ್ತು. ಡಾಕ್ಟರು ಬೇಡವೆಂದದ್ದು ಮೂಟೆಗೆ ಬಗ್ಗುವುದನ್ನು, ಗುರುಪಾದಕ್ಕೆ ಬಗ್ಗುವುದು ಆ ಲೆಕ್ಕಕ್ಕೆ ಬರುವುದಿಲ್ಲವೆಂದು ನನಗೆ ನಾನೇ ಹೇಳಿಕೊಂಡಿದ್ದೆ. ತಲೆ ಅರ್ಧ ಇಳಿದಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಶಲ್ಯ ಹಿಡಿದು, ಎತ್ತಿನ ಹಗ್ಗ ಜಗ್ಗಿದಂತೆ ಜಗ್ಗಿದರು. ನಾನು ಗೋಡೆಗೆ ಹೋಗಿ ಒರಗಿದೆ.

ಸ್ವಾಮಿಗಳ ಮುಂದೆ ತಲೆಯ ಮೇಲಿನ ಸೆರಗು ಜಾರದಂತೆ, ದನಿ ಏರದಂತೆ ಇಪ್ಪತ್ತು ವರ್ಷ ನಡೆದುಕೊಂಡವಳು ಜಗದಾಂಬಾ. ಅವತ್ತು ಸೆರಗೂ ಜಾರಿತ್ತು, ದನಿಯೂ ಏರಿತ್ತು.

"ಬುದ್ಧೀ, ಇವ್ರು ಬಗ್ಗೋ ಹಾಗಿಲ್ಲ. ಇವ್ರಿಗಿರೋದು ಒಂದೇ ಕಣ್ಣು. ತಪ್ಪಾದ್ರೆ ನನ್ನ ಮೇಲೆ ಹಾಕಿ."

ನನ್ನ ನಲವತ್ತು ವರ್ಷದ ಹದ್ದು ಎಲ್ಲರೆದುರು ನೆಲಕ್ಕೆ ಬಿದ್ದಿತ್ತು. ಸ್ವಾಮಿಗಳು ಎದ್ದು ಬರಲಿಲ್ಲ, ಕೈ ಮುಗಿಯಲೂ ಇಲ್ಲ. ಅವಳನ್ನೇ ನೋಡಿ, "ಆಗಲಿ ತಾಯಿ" ಎಂದರು, ಅಷ್ಟೇ.

"ಹಾಗಾದ್ರೆ ನಮಸ್ಕಾರ?" ಎಂದು ಕೇಳಿದ ಚನ್ನಕೇಶವ. ಅವನ ದನಿಯಲ್ಲಿ ನಗು ಇರಲಿಲ್ಲ.

"ಅವಳೇ ಮಾಡಿದ್ಳು. ಎರಡು ಸಲ."

ಮೊದಲ ಸಲ ಹಣೆ ಮುಟ್ಟಿಸಿ, "ಇದು ಅವ್ರದು" ಎಂದಳು. ಎದ್ದು, ಸೆರಗು ಸರಿಮಾಡಿಕೊಂಡು, ಮತ್ತೆ ಬಾಗಿದಳು. ನಾನು ಗೋಡೆಗೆ ಒರಗಿ, ತಲೆ ನೆಟ್ಟಗಿಟ್ಟುಕೊಂಡು ನೋಡುತ್ತಿದ್ದೆ. ಪಾದ ತೊಳೆದ ನೀರು ಹರಿದು ಅವಳ ಸೀರೆಯ ಅಂಚನ್ನು ನೆನೆಸಿತ್ತು. ಅಂಚಿನಿಂದಾಚೆ ಅವಳ ಹಿಮ್ಮಡಿಗಳು ಕಾಣುತ್ತಿದ್ದವು. ಅವುಗಳಲ್ಲಿದ್ದ ಸಣ್ಣ ಸಣ್ಣ ಬಿರುಕುಗಳು, ಬಿರುಕಿನೊಳಗೆ ಕೂತಿದ್ದ ಅಕ್ಕಿಯ ಧೂಳು, ಒಂದೊಂದೂ ನನಗೆ ಸ್ಪಷ್ಟವಾಗಿ ಕಂಡವು.