ತಾಮ್ರದ ಮೇಲಿನ ಹೆಬ್ಬೆರಳು

ಗರಗಸ ಕೊನೆಯ ಸುತ್ತು ಮುಗಿಸುತ್ತಿದ್ದಂತೆ ಟ್ಯೂಬು ಎರಡು ಹೋಳಾಗಿ ತಟ್ಟೆಗೆ ಬಿತ್ತು. ಎಂಟು ತಿಂಗಳು ಕೂತು ಜೋಡಿಸಿದ್ದನ್ನು ಅವಳು ತಾನೇ ಕತ್ತರಿಸಿದ್ದಳು.

ಮೈಕ್ರೋವೇವ್ ಹೊಮ್ಮಿಸುವ ನಿರ್ವಾತ ಟ್ಯೂಬು ಅದು. ಮುಂದಿನ ಅರ್ಧ ಕ್ಲಿಸ್ಟ್ರಾನ್ ಎಂಬ ಜಾತಿಯದು, ಶಕ್ತಿಗಾಗಿ; ಹಿಂದಿನ ಅರ್ಧ ಇನ್ನೊಂದು ಜಾತಿಯದು, ಹೆಚ್ಚು ಆವರ್ತನಗಳನ್ನು ನಿಭಾಯಿಸಲು. ಎರಡನ್ನೂ ಕೂಡಿಸುವ ವಿನ್ಯಾಸ ಡಿಸೈನರನದು, ಕೂಡಿಸಿದ ಕೈ ಅವಳದು. ಪರೀಕ್ಷೆಯ ದಿನ ಅರ್ಧ ಶಕ್ತಿಗೆ ಏರುವ ಮೊದಲೇ ಒಳಗೆ ಕಿಡಿ ಹಾರಿ ಟ್ಯೂಬು ಸತ್ತುಹೋಯಿತು. 'ಜೋಡಣೆಯ ವೇಳೆ ಕೊಳೆ ಸೇರಿದೆ' ಎಂದು ವರದಿ ಬರೆದವನು ಡಿಸೈನರನೇ. "ಬರೀ ಶಾಸ್ತ್ರಕ್ಕೆ ಅಕ್ಕಾ, ನಾನಿದ್ದೀನಲ್ಲ" ಎಂದು ಅವಳ ಸಹಿಯನ್ನೂ ಹಾಕಿಸಿಕೊಂಡಿದ್ದ. ಹತ್ತೊಂಬತ್ತು ವರ್ಷ ಜೋಡಣೆ ಕೋಣೆಯಲ್ಲಿ ಕಳೆದವಳಿಗೆ ಸೋಮವಾರದಿಂದ ಪ್ಯಾಕಿಂಗ್ ವಿಭಾಗ. ಹೋಗುವ ಮೊದಲು ಒಳಗೆ ನೋಡಲೇಬೇಕೆಂದು ಮ್ಯಾನೇಜರ್ ಹತ್ತಿರ ಹಟ ಹಿಡಿದು ಅನುಮತಿ ಪಡೆದಿದ್ದಳು; ಕತ್ತರಿಸಿದ ಮೇಲೆ ತಾವೂ ಬಂದು ನೋಡುವುದಾಗಿ ಅವರು ಹೇಳಿದ್ದರು.

ದೀಪ ಹತ್ತಿರ ಎಳೆದಳು. ಎರಡು ಅರ್ಧಗಳು ಸೇರುವ ಕಡೆ ತಾಮ್ರದ ಮೇಲೆ ಕಂದು ಕಲೆಯಿತ್ತು. ಬರಿಗೈಯ ಜಿಡ್ಡು ಕುಲುಮೆಯಲ್ಲಿ ಕಾದು ಅಚ್ಚಾಗಿತ್ತು. ಹೆಬ್ಬೆರಳು. ಗೆರೆಗಳನ್ನು ಅಡ್ಡಕ್ಕೆ ಸೀಳಿದ ಹಳೆಯ ಗಾಯ.

ಡಿಸೈನರ್ ತರಬೇತಿಗೆ ಬಂದ ವರ್ಷ ಲೇತ್ ಯಂತ್ರಕ್ಕೆ ಹೆಬ್ಬೆರಳು ಕೊಟ್ಟು ಸೀಳಿಕೊಂಡಾಗ ಬಟ್ಟೆ ಸುತ್ತಿದವಳು ಅವಳೇ. ಕೈಗವಸಿಲ್ಲದೆ ಒಳಭಾಗ ಮುಟ್ಟಬಾರದೆಂದು ಬೈದು ಬೈದು ಕಲಿಸಿದವಳೂ ಅವಳೇ.

ಅವನನ್ನು ಕರೆಸಿದಳು. ಅವನು ನಗುತ್ತಲೇ ಬಂದ.

"ನೋಡು. ಇದು ಯಾರ ಬೆರಳು?"

ಅವನು ಬಗ್ಗಿ ಕಲೆಯನ್ನು ನೋಡಿದ.

"ನೀವು ಊಟಕ್ಕೆ ಹೋಗಿದ್ರಿ. ಎರಡು ಅರ್ಧಗಳ ನಡುವಿನ ಅಂತರ ಒಂದು ಕೂದಲೆಳೆಯಷ್ಟು ಸರಿಮಾಡ್ಬೇಕಿತ್ತು. ಕೈಗವಸಲ್ಲಿ ಅಂದಾಜು ಸಿಗ್ಲಿಲ್ಲ ಅಕ್ಕಾ."

"ಗೊತ್ತಿದ್ದೂ ನನ್ನ ಕೈಲಿ ಸಹಿ ಹಾಕಿಸ್ಕೊಂಡ್ಯಾ?"

"ನಿಮಗಾದ್ರೆ ಬರೀ ಜಾಗ ಬದಲಾಗುತ್ತೆ. ನನ್ನ ಹೆಸರು ಬಂದಿದ್ರೆ ಯೋಜನೆನೇ ಬೇರೆಯವರ ಪಾಲಾಗ್ತಿತ್ತು." ದನಿ ತಗ್ಗಿಸಿದ. "ಒರೆಸಿಬಿಡೋಣ್ವಾ?"

ಒರೆಸಿಬಿಡೋಣವಂತೆ! ಕೇಳುವುದಕ್ಕೂ ಒಂದು ಮುಖ ಬೇಕು. ಅವಳಿಗೆ ಸಿಟ್ಟು ಬರಲಿಲ್ಲ, ಅಳು ಬಂತು; ನುಂಗಿಕೊಂಡಳು. ಅವನ ಕೈ ಆಗಲೇ ತಟ್ಟೆಯತ್ತ ಚಾಚಿತ್ತು.

"ಬರಿಗೈಲಿ ಮುಟ್ಟಬೇಡಿ, ಸರ್."

ಇಷ್ಟು ವರ್ಷಗಳಲ್ಲಿ ಅವಳು ಅವನನ್ನು ಹಾಗೆ ಕರೆದದ್ದು ಅದೇ ಮೊದಲು. ಡಬ್ಬಿಯಿಂದ ಹೊಸ ಕೈಗವಸು ತೆಗೆದು ಮುಂದೆ ಹಿಡಿದಳು. ಹೊರಗೆ ಮ್ಯಾನೇಜರರ ಹೆಜ್ಜೆಯ ಸದ್ದು ಹತ್ತಿರವಾಗುತ್ತಿತ್ತು. ಅವನು ಕೈಗವಸು ತೆಗೆದುಕೊಳ್ಳಲಿಲ್ಲ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ನಿಂತಿದ್ದ.