ಏಳನೇ ಪುಟದ ಒಂಬತ್ತು ಜನ

ನಮ್ಮ ಕಣ್ಣಾಸ್ಪತ್ರೆಯ ದಾಖಲೆ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಧೂಳು ಕುಡಿಯುತ್ತಿದ್ದೇನೆ. ಯಾವ ಫೈಲು ಎಲ್ಲಿದೆ ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಆ ಜಂಬವೇನೂ ಕಡಿಮೆ ಇರಲಿಲ್ಲ ನನಗೆ.

ಕಣ್ಣಿನ ಒತ್ತಡ ಇಳಿಸುವ ಹೊಸ ಹನಿಯೊಂದರ ಮೇಲೆ ದೊಡ್ಡ ಡಾಕ್ಟರು ಸಂಶೋಧನೆ ಮಾಡಿದಾಗ ಆರುನೂರು ಫೈಲು ಹುಡುಕಿಕೊಟ್ಟವಳು ನಾನೇ. ಹನಿ ಒಳ್ಳೆಯದೇ. ಆದರೆ ಸತ್ತವರು ದಾನ ಕೊಟ್ಟ ಪಟಲವನ್ನು, ಅಂದರೆ ಕಾರ್ನಿಯಾವನ್ನು, ಕಣ್ಣಿಗೆ ಕೂರಿಸಿಕೊಂಡಿದ್ದ ಒಂಬತ್ತು ಜನರಿಗೆ ಅದು ಆಗಿಬರಲಿಲ್ಲ. ಎರಡು ತಿಂಗಳಲ್ಲಿ ಪಟಲ ಹಾಲಿನಂತೆ ಬೆಳ್ಳಗಾಗಿ ದೃಷ್ಟಿಯೇ ಹೋಯಿತು. ಆ ಒಂಬತ್ತು ಫೈಲುಗಳನ್ನು ಕೆಂಪು ದಾರದಲ್ಲಿ ಬೇರೆಯಾಗಿ ಕಟ್ಟಿಟ್ಟಿದ್ದೆ.

ಲೇಖನ ಹೊರದೇಶದ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು. ಎಲ್ಲರಿಗೂ ಪುಕ್ಕಟೆ ಓದಲು ಸಿಗಬೇಕಾದರೆ ಬರೆದವರೇ ಶುಲ್ಕ ಕಟ್ಟಬೇಕಂತೆ, ಇಲ್ಲದಿದ್ದರೆ ಲೇಖನಕ್ಕೆ ಬೀಗ. ಕಡುಬಡವ ದೇಶಗಳಿಗೆ ಮಾಫಿ, ಸಿರಿವಂತ ದೇಶಗಳಲ್ಲಿ ವಿಶ್ವವಿದ್ಯಾಲಯಗಳೇ ಕಟ್ಟುತ್ತವೆ, ನಮ್ಮದು ಮಾತ್ರ ತ್ರಿಶಂಕು ಸ್ಥಿತಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. "ಬೀಗ ಇದ್ರೆ ಇರ್ಲಿ ಬಿಡಿ. ಬೇಕಾದೋರು ಚಂದಾ ಕಟ್ಟಿ ಓದ್ಕೋತಾರೆ" ಎಂದರು ದೊಡ್ಡ ಡಾಕ್ಟರು. ನಾವೆಲ್ಲ ಚಪ್ಪಾಳೆ ತಟ್ಟಿ ನಮ್ಮ ನಮ್ಮ ಕೆಲಸಕ್ಕೆ ಹೋದೆವು.

ನನ್ನ ಅಕ್ಕ ಇಲ್ಲಿಂದ ಒಂದು ಹಗಲಿನ ಪ್ರಯಾಣದಷ್ಟು ದೂರದ ಸಣ್ಣ ಊರಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಬಲಗಣ್ಣಿಗೆ ದಾನದ ಪಟಲ ಕೂರಿಸಿ ಎಂಟು ವರ್ಷವಾಗಿತ್ತು. "ಒಂದು ಕಣ್ಣು ಕಣ್ಣಲ್ಲ ಅಂತಾರೆ. ಸೂಜಿಗೆ ದಾರ ಪೋಣಿಸುವಾಗ ಎರಡಿದ್ದೋರೂ ಒಂದನ್ನ ಮುಚ್ಕೋತಾರೆ, ನನಗೆ ಆ ಶ್ರಮವೂ ಇಲ್ಲ" ಎಂದು ಗಿರಾಕಿಗಳನ್ನು ನಗಿಸುತ್ತಿದ್ದಳು.

ಹೋದ ವರ್ಷ ಒಂದು ದಿನ ಫೋನ್ ಮಾಡಿದಳು. "ಕಣ್ಣಲ್ಲಿ ಒತ್ತಡ ಜಾಸ್ತಿ ಆಗಿದೆಯಂತೆ ಕಣೇ. ಇಲ್ಲಿಯ ಡಾಕ್ಟ್ರು ಹೊಸ ಹನಿ ಕೊಟ್ಟಿದ್ದಾರೆ. ನಿಮ್ಮ ಆಸ್ಪತ್ರೆಯೋರು ಬರೆದಿದ್ದನ್ನ ಓದೇ ಕೊಟ್ಟಿದ್ದಂತೆ!"

ಕೆಂಪು ದಾರ ಮನಸ್ಸಿನಲ್ಲಿ ಒಮ್ಮೆ ಸುಳಿದದ್ದು ನಿಜ. ಆದರೆ ಓದಿದ್ದಾರೆ ಎಂದ ಮೇಲೆ ಆ ಒಂಬತ್ತು ಜನರದ್ದನ್ನೂ ಓದಿರುತ್ತಾರಲ್ಲ. ಓದಿಯೂ ಕೊಟ್ಟಿದ್ದಾರೆಂದರೆ ಅಕ್ಕನದು ಬೇರೆ ಥರ ಇರಬೇಕು. ಫೈಲು ಹೊರುವವಳು ಡಾಕ್ಟರಿಗೆ ಪಾಠ ಹೇಳುವುದೇ? "ಧೈರ್ಯವಾಗಿ ಹಾಕ್ಕೋ ಅಕ್ಕ, ಆ ಲೇಖನಕ್ಕೆ ಫೈಲು ಕೊಟ್ಟವಳೇ ನಾನು" ಎಂದೆ. ಹೇಳುವಾಗ ಹೆಮ್ಮೆಯಾಗಿತ್ತು.

ಏಳನೇ ವಾರ ಅವಳಿಗೆ ಸೂಜಿ ಕಾಣಲಿಲ್ಲ. ಹತ್ತನೇ ವಾರ ಸೂಜಿ ಹಿಡಿದ ಕೈಯೂ ಕಾಣಲಿಲ್ಲ. ಮತ್ತೆ ಪಟಲ ಕೂರಿಸಿದರೂ ಹಿಡಿಯುವುದಿಲ್ಲ ಎಂದು ನಮ್ಮ ಆಸ್ಪತ್ರೆಯಲ್ಲೇ ಹೇಳಿಬಿಟ್ಟರು.

ನಾನು ಅವಳನ್ನು ಊರಿಗೆ ಮುಟ್ಟಿಸಿ, ಎದ್ದೆನೋ ಬಿದ್ದೆನೋ ಎಂದು ಅಲ್ಲಿಯ ಆಸ್ಪತ್ರೆಗೆ ಓಡಿದೆ. ಅವಳ ಡಾಕ್ಟರ ಮೇಲೆ ಬಾಯಿಗೆ ಬಂದಂತೆ ಹರಿಹಾಯ್ದೆ. ಆತ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. ಹನ್ನೆರಡು ಸಾಲಿನ ಸಾರಾಂಶ, ಕೊನೆಯಲ್ಲಿ 'ಹನಿ ಸುರಕ್ಷಿತ' ಎಂಬ ಮಾತು, ಅದರ ಕೆಳಗೆ ಒಂದು ಬೀಗದ ಚಿತ್ರ.

"ನಮಗೆ ಕಾಣೋದು ಇಷ್ಟೇ ಮೇಡಂ. ಪೂರ್ತಿ ಕಳಿಸಿ ಅಂತ ನಿಮ್ಮ ದೊಡ್ಡ ಡಾಕ್ಟರಿಗೆ ಎರಡು ಸಲ ಬರೆದೆ, ಉತ್ತರ ಬರ್ಲಿಲ್ಲ. ಕಾಯೋಕೆ ಕಣ್ಣಿನ ಒತ್ತಡ ಬಿಡ್ಲಿಲ್ಲ."

ಆ ಒಂಬತ್ತು ಜನ ಬೀಗದ ಒಳಗಿನ ಏಳನೇ ಪುಟದಲ್ಲಿದ್ದರು. ಬೈಯಲು ಹೋದವಳಿಗೆ ಅಲ್ಲಿ ನಿಲ್ಲಲೂ ಆಗಲಿಲ್ಲ.

ಅಕ್ಕ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಎಲ್ಲವನ್ನೂ ಹೇಳಿದೆ. ಪತ್ರಿಕೆಯವರ ಮನೆ ಹಾಳಾಗಲಿ ಎಂದು ಶಪಿಸಿದೆ, ದೊಡ್ಡ ಡಾಕ್ಟರನ್ನೂ ಬಿಡಲಿಲ್ಲ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಆ ಒಂಬತ್ತು ಜನರದ್ದು ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ."

"ಡಾಕ್ಟ್ರಿಗೆ ಬೀಗ ಅಡ್ಡ ಬಂತು. ನಿನಗೇನು ಅಡ್ಡ ಬಂತೇ?"

ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯಬೇಕೆಂದೇ ಕೇಳಿದ್ದಳು. ನಾನು ಎದ್ದು, ಮೇಜಿನ ಮೇಲೆ ಚೆಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕತೊಡಗಿದೆ.